ಕ್ರೂಸಿಂಗ್ ಶೂಟ್ ಕೊಳ್ಳುವಾಗ ವಿಸ್ತೀರ್ಣ ನೋಡಬೇಕೋ, ಉದ್ದ ನೋಡಬೇಕೋ?

ಹತ್ತು ಮೀಟರ್ ಉದ್ದದ ಹಾಯಿದೋಣಿ, ಅದನ್ನು ನಡೆಸುವವರು ನೀವಿಬ್ಬರೇ. ಯಾರೋ ಬಳಸಿದ 80 ಚದರ ಮೀಟರ್ ಕ್ರೂಸಿಂಗ್ ಶೂಟ್ (ಹಿಂದಿನ ಮತ್ತು ಪಕ್ಕದ ಗಾಳಿಗೆ ಮೂತಿಯಲ್ಲಿ ಏರಿಸುವ ದೊಡ್ಡ, ಹಗುರ ಹಾಯಿ), ಅದನ್ನು ಮುಚ್ಚಿ ಇಳಿಸುವ ಉದ್ದನೆಯ ಬಟ್ಟೆಚೀಲವಾದ ಸ್ನಫರ್ ಸಮೇತ ಮಾರಾಟಕ್ಕಿದೆ, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೂವೆಮರಕ್ಕೂ ಅದರ ಮೇಲಿನಿಂದ ಮೂತಿಗೆ ಇಳಿಯುವ ಮುಂದಿನ ತಂತಿಗೂ ನಡುವಿನ ತ್ರಿಕೋನದ ಎತ್ತರ 12 ಮೀಟರ್, ಕೂವೆಮರದಿಂದ ಮುಂದಿನ ತಂತಿಯ ಬುಡಕ್ಕೆ 3.6 ಮೀಟರ್ ಎಂದೂ ಬರೆದಿದ್ದೀರಿ. ಈ ಅಳತೆಗಳನ್ನು ನೋಡಿದರೆ ಬೇಡ ಎಂದೇ ಹೇಳುತ್ತೇನೆ.

ಮಾರುವವರು ಹೇಳುವುದು ವಿಸ್ತೀರ್ಣವನ್ನು. ಆದರೆ ಹಾಯಿ ನಿಮ್ಮ ದೋಣಿಗೆ ಕೂರುತ್ತದೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸುವುದು ಅದರ ಮುಂದಿನ ಅಂಚಿನ ಉದ್ದ, ಅಂದರೆ ಲಫ್. ಈ ಹಾಯಿಯನ್ನು ಮೇಲೇರಿಸುವ ಹಗ್ಗದ, ಅಂದರೆ ಸ್ಪಿನೇಕರ್ ಹ್ಯಾಲ್ಯಾರ್ಡಿನ ತುದಿಗೆ ಅಳತೆಪಟ್ಟಿ ಕಟ್ಟಿ ಮೇಲಿನ ರಾಟೆಯವರೆಗೆ ಏರಿಸಿ, ಇನ್ನೊಂದು ತುದಿಯನ್ನು ದೋಣಿಯ ಮೂತಿಯಲ್ಲಿ ಹಾಯಿಯ ಕೆಳಮೂಲೆ ಕೂರುವ ಜಾಗಕ್ಕೆ ಬಿಗಿಯಾಗಿ ಎಳೆದು ಅಳೆಯಿರಿ. ನೀವು ಕೊಟ್ಟ ಲೆಕ್ಕದಲ್ಲಿ ಅದು ಸುಮಾರು 12.5 ಮೀಟರ್ ಬರಬೇಕು. ಇದರಲ್ಲಿ ರಾಟೆಯ ಕೆಳಗೆ 20 ಸೆಂಟಿಮೀಟರ್ ಬಿಡಬೇಕು. ಸ್ನಫರ್ ಮುದುಡಿ ಹಾಯಿಯ ನೆತ್ತಿಯ ಮೇಲೆ ಕೂರಲು ಅರ್ಧ ಮೀಟರ್ ಬೇಕು. ಕೆಳಮೂಲೆಯನ್ನು ಮೂತಿಯ ಕಂಬಿಗೆ ಉಜ್ಜದಂತೆ ಸ್ವಲ್ಪ ಎತ್ತಿಕಟ್ಟಬೇಕು. ಎಲ್ಲ ಕಳೆದರೆ ಉಳಿಯುವುದು ಹತ್ತಿರಹತ್ತಿರ 11.5 ಮೀಟರ್.

ಲಫ್ ಅರ್ಧ ಮೀಟರ್ ಗಿಡ್ಡವಾದರೆ ಚಿಂತೆಯಿಲ್ಲ, ಕೆಳಮೂಲೆಯ ಹಗ್ಗವನ್ನು ಅಷ್ಟು ಸಡಿಲ ಬಿಟ್ಟರೆ ಆಯಿತು. ಉದ್ದವಾದರೆ ಮಾತ್ರ ದೋಣಿಯಲ್ಲಿ ನಿಂತು ಏನೂ ಮಾಡಲಾಗದು. ಹಗ್ಗವನ್ನು ಕೊನೆಯವರೆಗೆ ಎಳೆದರೂ ಅಂಚು ಬಿಗಿಯಾಗುವುದಿಲ್ಲ, ಗಾಳಿ ಪಕ್ಕಕ್ಕೆ ಬಂದ ಕೂಡಲೇ ಹಾಯಿ ಜೋಲುಬಿದ್ದು ಮುದುರಿಕೊಳ್ಳುತ್ತದೆ.

ಇನ್ನು ಅಗಲ. ಹಾಯಿಯ ಕೆಳ ಅಂಚಿಗಿಂತ ಅದರ ನಡುವಿನ ಅಗಲ ಹೆಚ್ಚು ವಿಷಯ ಹೇಳುತ್ತದೆ. ವಿಸ್ತೀರ್ಣದ ಸೂತ್ರದಲ್ಲೇ ನಡುವಿನ ಅಗಲಕ್ಕೆ ನಾಲ್ಕು ಪಟ್ಟು ತೂಕವಿದೆ: ಮುಂದಿನ ಮತ್ತು ಹಿಂದಿನ ಅಂಚುಗಳ ಸರಾಸರಿಯನ್ನು, ಕೆಳ ಅಂಚಿಗೆ ನಡುವಿನ ಅಗಲದ ನಾಲ್ಕು ಪಟ್ಟು ಕೂಡಿಸಿ ಬಂದ ಮೊತ್ತದಿಂದ ಗುಣಿಸಿ, ಆರರಿಂದ ಭಾಗಿಸಬೇಕು. ಲಫ್ 11.5, ಹಿಂದಿನ ಅಂಚು 10.7, ಕೆಳ ಅಂಚು 6.4, ನಡು 5.8 ಎಂದು ಇಟ್ಟುಕೊಂಡರೆ ಸುಮಾರು 55 ಚದರ ಮೀಟರ್. ನಿಮ್ಮಿಬ್ಬರಿಗೆ ನಾನು ಸೂಚಿಸುವುದು ಇದನ್ನೇ. ಇಲ್ಲಿ ನಡು ಕೆಳ ಅಂಚಿನ ಸುಮಾರು 90% ಇದೆ. ಹಿಂದಿನ ಓರೆಗಾಳಿಗೂ ಪಕ್ಕದ ಗಾಳಿಗೂ ಹೊಂದುವ ಆಕಾರ. ಅದು 75%ರ ಹತ್ತಿರಕ್ಕೆ ಇಳಿದರೆ ಹಾಯಿ ಚಪ್ಪಟೆಯಾಗಿ ಪಕ್ಕದ ಗಾಳಿಗಷ್ಟೇ ಚೆನ್ನಾಗಿ ಓಡುತ್ತದೆ.

55ಕ್ಕೂ 80ಕ್ಕೂ ಇರುವ ವ್ಯತ್ಯಾಸ ನನಗೆ ಅನುಭವದಿಂದ ಗೊತ್ತು. ನನ್ನ ಮೊದಲ ಶೂಟ್ ದೋಣಿಗೆ ದೊಡ್ಡದಾಗಿತ್ತು. ಒಂದು ಸಂಜೆ ಗಾಳಿ (1 ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 12 ನಾಟ್‌ನಿಂದ 18ಕ್ಕೆ ಏರಿತು. ಸಾಮಾನ್ಯವಾಗಿ ಆಗ ದೋಣಿಯನ್ನು ಗಾಳಿಯ ಜೊತೆಗೆ ತಿರುಗಿಸಿ, ಶೂಟನ್ನು ಮುಖ್ಯ ಹಾಯಿಯ ಮರೆಗೆ ತಂದು, ಶೀಟ್ (ಹಾಯಿಯ ಹಿಂದಿನ ಮೂಲೆಯ ಹಗ್ಗ) ಸಡಿಲಿಸಿದರೆ ಸ್ನಫರಿನ ಬಾಯಿ ಸರಾಗವಾಗಿ ಕೆಳಗಿಳಿಯುತ್ತದೆ. ಅಂದು ಹಾಗಾಗಲಿಲ್ಲ. ಹಾಯಿಯ ಅರ್ಧ ಭಾಗ ಮರೆಯಿಂದ ಆಚೆಗೇ ಉಬ್ಬಿ ನಿಂತಿತ್ತು. ನಾನು ಹಗ್ಗಕ್ಕೆ ಜೋತುಬಿದ್ದರೂ ಸ್ನಫರಿನ ಬಾಯಿ ಮೇಲಿನ ಮೂರನೇ ಒಂದು ಭಾಗದಲ್ಲೇ ಸಿಕ್ಕಿಕೊಂಡಿತು. ಅಂಗೈ ಸುಲಿಯಿತು. ಚುಕ್ಕಾಣಿ ಹಿಡಿದಿದ್ದ ಗೆಳೆಯ ಅದನ್ನು ಬಿಟ್ಟು ಬರುವಂತಿರಲಿಲ್ಲ.

ಗಾಳಿ ಹಿಂದಿನಿಂದ ಬರುವಾಗ ಅದರ ಬಲ ತಿಳಿಯುವುದೇ ಇಲ್ಲ, ಅದಕ್ಕೇ ಈ ಎಚ್ಚರ. ನಿಜವಾದ ಗಾಳಿ 20 ನಾಟ್, ದೋಣಿಯ ವೇಗ 6 ಇದ್ದರೆ ದೋಣಿಯಲ್ಲಿ ಮೈಗೆ ತಾಗುವುದು 14 ಮಾತ್ರ. ಅದೇ ವೇಗದಲ್ಲಿ ಗಾಳಿ ಪಕ್ಕಕ್ಕೆ ಬರುವಂತೆ ದೋಣಿ ತಿರುಗಿದರೆ ಅದು 21 ಆಗುತ್ತದೆ. ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹಾಯಿಯ ಮೇಲಿನ ಹೊರೆ ಎರಡು ಪಟ್ಟಿಗೂ ಮೀರುತ್ತದೆ. ದೋಣಿ ಕೈಮೀರಿ ವಾಲಿ ಗಾಳಿಯತ್ತ ಹೊರಳುವುದು ಇಂಥ ಹೊತ್ತಿನಲ್ಲಿ. ಇಬ್ಬರೇ ಇರುವಾಗ, ದೋಣಿ ಅಲುಗಾಡುವ ಮೊದಲೇ, ನಿಜವಾದ ಗಾಳಿ 15 ನಾಟ್ ಮುಟ್ಟುವ ಹೊತ್ತಿಗೆ ನಾನು ಶೂಟ್ ಇಳಿಸುತ್ತೇನೆ.

ಹಾಯಿಯ ಬಟ್ಟೆ ನಿಮ್ಮ ದೋಣಿಗೆ 0.75 ಔನ್ಸ್ ದರ್ಜೆಯ ನೈಲಾನ್ ಸಾಕು. ಹಳೆಯ ಹಾಯಿಯಾದರೆ ಬೆಳಕಿಗೆ ಹಿಡಿದು ಸೂಜಿರಂಧ್ರಗಳಿವೆಯೇ ನೋಡಿ, ತುಟಿಗೆ ಒತ್ತಿ ಊದಿ. ಉಸಿರು ಸಲೀಸಾಗಿ ಆಚೆ ಹೋದರೆ ಅದನ್ನು ಬಿಟ್ಟುಬಿಡಿ. ನಿಮ್ಮ ಹ್ಯಾಲ್ಯಾರ್ಡ್ ಮುಂದಿನ ತಂತಿಗಿಂತ ಮೇಲಿನಿಂದ, ಅದರ ಮುಂಭಾಗದಲ್ಲಿ ಇಳಿಯುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ಎಂಥ ಹಾಯಿ ತಂದರೂ ಹಗ್ಗವು ಜೆನೋವಾವನ್ನು (ಮುಂದಿನ ತಂತಿಯ ಮೇಲಿನ ಹಾಯಿ) ಸುತ್ತಿಡುವ ಸಾಧನಕ್ಕೆ ಉಜ್ಜಿ ಸವೆಯುತ್ತದೆ.

ಮುಂದೆ ಬೇರೆ ಹಾಯಿ ಕಣ್ಣಿಗೆ ಬಿದ್ದರೆ ಮಾರುವವರಿಂದ ನಾಲ್ಕು ಅಳತೆ ಕೇಳಿ: ಮೂರು ಅಂಚುಗಳು, ನಡುವಿನ ಅಗಲ. ಅವರಿಗೆ ತಿಳಿಯದಿದ್ದರೆ ಹುಲ್ಲಿನ ಮೇಲೆ ಹರಡಿ ನೀವೇ ಅಳೆಯಿರಿ. ಮುಂದಿನ ಅಂಚನ್ನೂ ಹಿಂದಿನ ಅಂಚನ್ನೂ ಅರ್ಧಕ್ಕೆ ಮಡಚಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವಿನ ದೂರ ತೆಗೆದುಕೊಂಡರೆ ನಡುವಿನ ಅಗಲ ಸಿಕ್ಕಿತು. ಸಂಖ್ಯೆಗಳನ್ನು ಇಲ್ಲಿಯೇ ಬರೆಯಿರಿ, ನಿಮ್ಮ ದೋಣಿಗೆ ಹೊಂದುತ್ತದೆಯೇ ಎಂದು ಲೆಕ್ಕ ಹಾಕಿ ತಿಳಿಸುತ್ತೇನೆ.