ಜಾಜ್ ಗೊತ್ತಿಲ್ಲ, ವಿಲೇಜ್ ವ್ಯಾನ್‌ಗಾರ್ಡ್‌ಗೆ ಹೋಗಲಾ?

ಪ್ರಶ್ನೆ: ಜರ್ಸಿ ಸಿಟಿಯ ಮಗಳ ಮನೆಗೆ ಬಂದಿದ್ದೇನೆ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಜಾಜ್ ಕ್ಲಬ್ಬಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಾಳೆ. ನನಗೆ ಗೊತ್ತಿರುವುದು ಕರ್ನಾಟಕ ಸಂಗೀತ ಮಾತ್ರ. ಅಲ್ಲಿ ಏನನ್ನು ಕೇಳಲಿ? ಆ ಜಾಗಕ್ಕೆ ಅಷ್ಟು ಹೆಸರೇಕೆ?
– ಒಬ್ಬ ಓದುಗರು, ಮೈಸೂರು

ಉತ್ತರ: ಖಂಡಿತ ಹೋಗಿ ಅಮ್ಮ. ತಾಳ ಹಾಕಿಕೊಂಡು ಕಚೇರಿ ಕೇಳುವವರಿಗೆ ಅಲ್ಲಿ ಬೇಕಾದಷ್ಟಿದೆ.

ಸೆವೆಂತ್ ಅವೆನ್ಯೂದಲ್ಲಿ ಕೆಂಪು ಬಾಗಿಲು. ಒಳಗೆ ಕಡಿದಾದ ಮೆಟ್ಟಿಲು, ಮಂಡಿನೋವಿದ್ದರೆ ಮಗಳ ಕೈ ಹಿಡಿದುಕೊಳ್ಳಿ. ಕೆಳಗೆ ಮೂರು ಮೂಲೆಯ ಒಂದು ನೆಲಮಾಳಿಗೆ. ಸುಮಾರು 120 ಜನ ಕೂರಬಹುದು, ಅಷ್ಟೇ. ಮ್ಯಾಕ್ಸ್ ಗಾರ್ಡನ್ ಕಟ್ಟಿದ ಕ್ಲಬ್ಬು 1935ರಿಂದ ಅಲ್ಲೇ ಇದೆ.

ಹೆಸರು ಬಂದದ್ದು ಅಲ್ಲಿ ಮಾಡಿದ ಲೈವ್ ರೆಕಾರ್ಡಿಂಗ್‌ಗಳಿಂದ. 1961ರ ಜೂನ್ 25, ಭಾನುವಾರ, ಪಿಯಾನೋ ವಾದಕ ಬಿಲ್ ಇವಾನ್ಸ್ ತಮ್ಮ ಟ್ರಿಯೋ, ಅಂದರೆ ಮೂವರ ತಂಡದ ಜೊತೆ ಐದು ಸೆಟ್ (ನಡುವೆ ಬಿಡುವು ಕೊಟ್ಟು ನುಡಿಸುವ ಸರದಿ) ನುಡಿಸಿದರು. ಹೋಗುವ ಮುಂಚೆ ಅದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಪಿಯಾನೋ ಹಿಂದೆ ಗ್ಲಾಸು ತಾಗುವ ಸದ್ದು, ಯಾರದೋ ಮಾತು, ಎಲ್ಲ ಕೇಳಿಸುತ್ತದೆ. ಆ ತಂಡದ ಸ್ಕಾಟ್ ಲಫಾರೋ ಅವರ ಬಾಸ್ (ಆಳೆತ್ತರದ ಪಿಟೀಲಿನಂಥ, ತಗ್ಗು ದನಿಯ ತಂತಿವಾದ್ಯ) ಸುಮ್ನೆ ಲಯ ಹಿಡಿದು ನಿಂತಿಲ್ಲ. ಪಿಯಾನೋ ಬಿಟ್ಟ ಜಾಗಕ್ಕೆ ನುಗ್ಗಿ ತಾನೇ ಧಾಟಿ ಎತ್ತುತ್ತದೆ. ಲಫಾರೋಗೆ ಆಗ ಬರೀ 25 ವರ್ಷ. ಎರಡು ವಾರ ಕಳೆಯುವಷ್ಟರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆ ರೆಕಾರ್ಡು ಹಾಕಿದರೆ ಈಗಲೂ ನನ್ನ ಕಿವಿ ಬಾಸ್ ಕಡೆಗೇ ಹೋಗುತ್ತದೆ.

ಅದೇ ವರ್ಷ ನವೆಂಬರಿನಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಇಲ್ಲಿ ‘ಇಂಡಿಯಾ’ ನುಡಿಸಿದರು. ಅದರಲ್ಲಿ ಎರಡು ಬಾಸ್ ಸೇರಿ ಶ್ರುತಿ ಹಿಡಿದಿರುತ್ತವೆ. ತಂಬೂರಿ ಕೇಳಿ ಬೆಳೆದ ನಿಮಗೆ ಅದು ಬೇಗ ಹತ್ತಿರವಾಗುತ್ತದೆ, ನೋಡಿ. ರವಿಶಂಕರ್ ಅಂದರೆ ಕೋಲ್ಟ್ರೇನ್‌ಗೆ ಎಷ್ಟು ಅಭಿಮಾನ ಅಂದರೆ, ಮಗನಿಗೆ ರವಿ ಅಂತಲೇ ಹೆಸರಿಟ್ಟರು.

ಇನ್ನು ಅಲ್ಲಿ ಕೂತು ಏನು ಕೇಳಬೇಕು? ಸಾಮಾನ್ಯವಾಗಿ ಮೊದಲು ಒಂದು ಧಾಟಿ ನುಡಿಸುತ್ತಾರೆ. ಆಮೇಲೆ ಅದೇ ಅಳತೆಯ ಆವರ್ತಗಳ ಮೇಲೆ ಒಬ್ಬೊಬ್ಬರಾಗಿ ಮನೋಧರ್ಮ. ಎಷ್ಟೋ ಸಲ ನಾಲ್ಕು ನಾಲ್ಕು ಬಾರ್ (ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ) ಹಂಚಿಕೊಂಡು ಡ್ರಮ್ಸ್ ಜೊತೆ ಸವಾಲ್ ಜವಾಬ್ ಕೂಡ ನಡೆಯುತ್ತದೆ. ನಾಲ್ಕರ ಎಣಿಕೆಯೇ ಜಾಸ್ತಿ, ಆದರೆ ಒತ್ತು ಬೀಳುವುದು ಎರಡು ಮತ್ತು ನಾಲ್ಕರ ಮೇಲೆ. ಆದಿತಾಳಕ್ಕೆ ಪಳಗಿದ ಕೈ ಮೊದಮೊದಲು ತಡವರಿಸುತ್ತದೆ. ಆಗ ಡ್ರಮ್ಮರಿನ ಎಡಗಾಲು ನೋಡಿ. ಜೋಡಿ ತಾಳದ ಥರ ಇರುವ ಹೈ-ಹ್ಯಾಟನ್ನು ಅವರು ಕಾಲಲ್ಲಿ ಮುಚ್ಚುವುದು ಅದೇ ಒತ್ತಿನ ಜಾಗದಲ್ಲಿ. ಒಬ್ಬರ ಸರದಿ ಮುಗಿದ ಕೂಡಲೇ, ಹಾಡಿನ ನಡುವೆಯೇ ಚಪ್ಪಾಳೆ ಹೊಡೆಯುವುದು ಅಲ್ಲಿನ ರೂಢಿ. ನೀವೂ ಹೊಡೆಯಿರಿ, ಸಂಕೋಚ ಬೇಡ.

ಸೋಮವಾರ ದೊಡ್ಡ ಬ್ಯಾಂಡಿನ ದಿನ. 1966ರಲ್ಲಿ ಥ್ಯಾಡ್ ಜೋನ್ಸ್ ಮತ್ತು ಮೆಲ್ ಲೂಯಿಸ್ ಶುರು ಮಾಡಿದ್ದು, ಈಗ ವ್ಯಾನ್‌ಗಾರ್ಡ್ ಜಾಜ್ ಆರ್ಕೆಸ್ಟ್ರಾ ಅಂತ ಹೆಸರು. ಅದೂ ಚೆಂದವೇ. ಆದರೆ ಮೊದಲ ಸಲಕ್ಕೆ ಮೂರ್ನಾಲ್ಕು ಜನ ನುಡಿಸುವ ದಿನ ಹೋಗಿ. ಒಂದೊಂದು ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ.

ಅಲ್ಲಿ ಊಟ ತಿಂಡಿ ಸಿಗುವುದಿಲ್ಲ, ಮನೆಯಲ್ಲೇ ಮುಗಿಸಿ ಹೊರಡಿ. ಟಿಕೆಟ್ ಮುಂಚೆಯೇ ಮಾಡಿಸಿ. ಪಾತ್ ರೈಲಿನಲ್ಲಿ 14ನೇ ಸ್ಟ್ರೀಟಿನಲ್ಲಿ ಇಳಿದರೆ ನಡೆದೇ ಹೋಗಬಹುದು. ಸ್ವಲ್ಪ ಬೇಗ ಹೋಗಿ, ಡ್ರಮ್ಸ್ ಪಕ್ಕದ ಗೋಡೆ ಬೆಂಚು ಸಿಕ್ಕರೆ ಬಿಡಬೇಡಿ.