7 ಕೆಜಿ ವಿಮಾನಕ್ಕೆ 6 ಸೆಲ್ ಬ್ಯಾಟರಿ ಸಾಕಾ?

ಪ್ರಶ್ನೆ: ಸರ್, ನಾವು ಕಲಬುರಗಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು. 2.2 ಮೀಟರ್ ರೆಕ್ಕೆಯ, ಬ್ಯಾಟರಿ ಸೇರಿ 7 ಕೆಜಿ ತೂಗುವ ರೇಡಿಯೊ ಕಂಟ್ರೋಲ್ ವಿಮಾನ ಕಟ್ಟಿದ್ದೇವೆ. 6 ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ, 22 ಇಂಚಿನ ಪ್ರೊಪೆಲರ್ ಹಾಕಿದ್ದೇವೆ. ಪೂರ್ತಿ ಥ್ರಾಟಲ್ ಕೊಟ್ಟರೆ ಮೀಟರ್ 110 ಆಂಪಿಯರ್ ತೋರಿಸುತ್ತದೆ. ಎರಡೇ ನಿಮಿಷಕ್ಕೆ ಬ್ಯಾಟರಿ ಮುಟ್ಟೋಕಾಗದಷ್ಟು ಬಿಸಿ. ಇನ್ನೂ ದೊಡ್ಡ ಮೋಟಾರ್ ಬೇಕಾ? ಇಲ್ಲಾ ಪೆಟ್ರೋಲ್ ಎಂಜಿನ್‌ಗೆ ಹೋಗೋದೇ ಒಳ್ಳೆಯದಾ?

ಉತ್ತರ: ಮೋಟಾರ್ ಪ್ರಶ್ನೆ ಆಮೇಲೆ. ಮೊದಲು ತೂಕದಿಂದ ಲೆಕ್ಕ ಹಿಡಿಯಿರಿ. ಸಾಮಾನ್ಯ ಹಾರಾಟಕ್ಕೆ ಕೆಜಿಗೆ 220ರಿಂದ 250 ವ್ಯಾಟ್ ಸಾಕು. 7 ಕೆಜಿಗೆ ಸುಮಾರು 1,750 ವ್ಯಾಟ್ ಆಯಿತು. ನೀವು ಓಡಿಸೋದು ಡಾಂಬರಿನ ಮೇಲಲ್ಲ, ಮಣ್ಣಿನ ಮೇಲೆ. ಹಾಗಾಗಿ 2,000 ಅಂತ ಇಟ್ಟುಕೊಳ್ಳಿ. ಗಾಳಿಯಲ್ಲಿ ಲೂಪ್, ರೋಲ್ ಹೊಡೆಸುವ ಆಸೆ ಇದ್ದರೆ ಇನ್ನೂ ಜಾಸ್ತಿ ಬೇಕು, ಆದರೆ ಮೊದಲ ವಿಮಾನಕ್ಕೆ ಆ ಆಸೆ ಬೇಡ.

ಇದೇ 2,000 ವ್ಯಾಟನ್ನು 6 ಸೆಲ್‌ನಿಂದ ಎಳೆದರೆ ವೋಲ್ಟೇಜ್ 21ರ ಹತ್ತಿರ ಇಳಿಯುತ್ತದೆ, ಕರೆಂಟ್ 95 ಆಂಪಿಯರ್ ಆಗುತ್ತದೆ. 12 ಸೆಲ್ ಆದರೆ ಸುಮಾರು 47 ಆಂಪಿಯರ್ ಸಾಕು. ವೈರು, ಕನೆಕ್ಟರುಗಳಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ಕರೆಂಟ್ ಅರ್ಧವಾದರೆ ಅದೇ ವೈರಿನ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. ನಿಮ್ಮ ರೋಗಕ್ಕೆ ಇದೇ ಔಷಧಿ.

ಇನ್ನು ಪ್ರೊಪೆಲರ್. 22 ಇಂಚು ಬೇಡ, 20 ಸಾಕು. ಎರಡು ಇಂಚು ತಾನೇ ಅನ್ನಿಸುತ್ತದೆ ಅಲ್ವಾ? ಅದೇ ವೇಗದಲ್ಲಿ ತಿರುಗಿದರೆ 20 ಇಂಚಿಗಿಂತ 22 ಇಂಚಿನದು ಸುಮಾರು 60 ಶೇಕಡಾ ಜಾಸ್ತಿ ಶಕ್ತಿ ತಿನ್ನುತ್ತದೆ. ಬೇಕಾಗುವ ಶಕ್ತಿ ವ್ಯಾಸದ ಐದನೇ ಘಾತದಲ್ಲಿ ಏರುವುದೇ ಕಾರಣ. 20×10 ಪ್ರೊಪೆಲರ್ (20 ಇಂಚು ವ್ಯಾಸ, 10 ಇಂಚು ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ) ಹಾಕಿ. ಜೊತೆಗೆ 170ರಿಂದ 190 ಕೆವಿಯ ಮೋಟಾರ್ ಬೇಕು (ಇಲ್ಲಿ ಕೆವಿ ಅಂದರೆ ಕಿಲೋವೋಲ್ಟ್ ಅಲ್ಲ, ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ). ಈಗಿನ ಮೋಟಾರ್ 300ರ ಆಸುಪಾಸಿನದಾಗಿರಬೇಕು. ಅದಕ್ಕೆ 12 ಸೆಲ್ ಕೊಟ್ಟರೆ ಸುಟ್ಟೇ ಹೋಗುತ್ತದೆ, ಮಾರಿಬಿಡಿ.

12 ಸೆಲ್ ಅಂದರೆ ಎರಡು 6 ಸೆಲ್ ಪ್ಯಾಕ್ ಸರಣಿಯಲ್ಲಿ. ಎರಡೂ ಒಂದೇ ವಯಸ್ಸಿನವು, ಒಂದೇ ಕಂಪನಿಯವು ಇರಲಿ. ಹಳೆಯದಕ್ಕೆ ಹೊಸದನ್ನು ಜೋಡಿಸಬೇಡಿ. ಜೋಡಿಸುವಾಗ ಜೋರಾಗಿ ಕಿಡಿ ಹಾರುತ್ತದೆ, ಆಂಟಿ-ಸ್ಪಾರ್ಕ್ ಕನೆಕ್ಟರ್ ಬೇಕೇ ಬೇಕು. 5,000 ಎಂಎಎಚ್ ಪ್ಯಾಕುಗಳಾದರೆ ಒಟ್ಟು 222 ವ್ಯಾಟ್-ಅವರ್. ಅದರ 80 ಶೇಕಡಾ ಮಾತ್ರ ಬಳಸಿ. ಸರಾಸರಿ 800 ವ್ಯಾಟ್‌ನಲ್ಲಿ ಹಾರಿದರೆ 13 ನಿಮಿಷ ಬರುತ್ತದೆ, ಆದರೂ ಟೈಮರ್ 8ಕ್ಕೇ ಇಡಿ.

ಹೆಚ್ಚಿನ ವೋಲ್ಟೇಜಿನ ಎಷ್ಟೋ ಇಎಸ್‌ಸಿಗಳಲ್ಲಿ (ಮೋಟಾರ್ ವೇಗ ನಿಯಂತ್ರಕ) ಬಿಇಸಿ, ಅಂದರೆ ರಿಸೀವರ್‌ಗೆ ಬೇಕಾದ ಕಡಿಮೆ ವೋಲ್ಟೇಜ್ ಕೊಡುವ ಭಾಗ, ಇರುವುದೇ ಇಲ್ಲ. ಇದ್ದರೂ ರಿಸೀವರ್ ಮತ್ತು ಸರ್ವೊಗಳಿಗೆ (ರೆಕ್ಕೆ, ಬಾಲದ ಫಲಕ ತಿರುಗಿಸುವ ಪುಟ್ಟ ಮೋಟಾರುಗಳು) ಬೇರೆ ಬ್ಯಾಟರಿ ಇಡಿ. ಮೋಟಾರ್ ನಿಂತರೆ ವಿಮಾನ ತೇಲಿಕೊಂಡು ಇಳಿಯುತ್ತದೆ. ರಿಸೀವರ್ ಸತ್ತರೆ 7 ಕೆಜಿ ಯಾರ ತಲೆ ಮೇಲೆ ಬೀಳುತ್ತದೋ ಹೇಳೋಕಾಗಲ್ಲ. ಪ್ರೊಪೆಲರ್ ತೆಗೆದು, ಮೋಟಾರ್ ಓಡುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಮೋಟಾರ್ ತಾನಾಗೇ ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ತಪ್ಪಿದರೆ ಮೋಟಾರ್ ನಿಲ್ಲಿಸುವ ಸೆಟ್ಟಿಂಗ್) ಸರಿಯಾಗಿ ಕೂತಿಲ್ಲ.

ಪೆಟ್ರೋಲ್? 30–35 ಸಿಸಿ ಟೂ-ಸ್ಟ್ರೋಕ್ ನಿಮ್ಮ ತೂಕಕ್ಕೆ ಹೊಂದುತ್ತದೆ. ಹೊಲದಲ್ಲಿ ಕರೆಂಟ್ ಇಲ್ಲದಿದ್ದರೂ ಎಣ್ಣೆ ಬೆರೆಸಿದ ಪೆಟ್ರೋಲ್ ಸುರಿದು ಮತ್ತೆ ಹಾರಬಹುದು. ಆದರೆ ನಡುಗುವಿಕೆ, ಕಾರ್ಬುರೇಟರ್ ಟ್ಯೂನಿಂಗ್, ಇಗ್ನಿಷನ್ ಬ್ಯಾಟರಿ, ಕಿಲ್ ಸ್ವಿಚ್ ಎಲ್ಲ ನಿಮ್ಮ ತಲೆಗೇ. ಮೊದಲ ವರ್ಷ ಬೇಡ.

ನಮ್ಮ ಬಿಸಿಲನ್ನೂ ಮರೆಯಬೇಡಿ. ಜನವರಿ ಬೆಳಿಗ್ಗೆಯ 20 ಡಿಗ್ರಿಗೆ ಹೋಲಿಸಿದರೆ ಮೇ ಮಧ್ಯಾಹ್ನದ 42 ಡಿಗ್ರಿಯಲ್ಲಿ ಗಾಳಿ ಸುಮಾರು 7 ಶೇಕಡಾ ತೆಳು. ನೆಲದ ಓಟ ಉದ್ದವಾಗುತ್ತದೆ, ಪ್ರೊಪೆಲರ್ ಎಳೆತ ಕಮ್ಮಿಯಾಗುತ್ತದೆ. ಲಿಪೊವನ್ನು ಬಿಸಿಲಲ್ಲಿ ಮುಚ್ಚಿದ ಕಾರಿನಲ್ಲಿ ಬಿಡಲೇಬೇಡಿ. ಬೆಳಿಗ್ಗೆ ಹೊತ್ತು ಏರುವ ಮೊದಲೇ ಹಾರಿಸಿ. ತೊಗರಿ ರಾಶಿ ಮುಗಿದ ಎರೆ ಹೊಲ ಖಾಲಿ ಕಾಣುತ್ತದೆ, ಆದರೆ ಕೂಳೆ ಚಕ್ರಕ್ಕೆ ಸಿಗುತ್ತದೆ, ಬೇಸಿಗೆಗೆ ನೆಲ ಬಿರಿಯುತ್ತದೆ. ದೊಡ್ಡ ಚಕ್ರ ಹಾಕಿ, ಓಟದ ಪಟ್ಟಿಯನ್ನು ರೋಲರ್ ಎಳೆದು ಸಮ ಮಾಡಿಸಿ.

ಪ್ರಶ್ನೆ: ಬೀದರ್ ಊರಾಚೆ ಬೇಕಾದಷ್ಟು ಬಯಲಿದೆ. ಅಲ್ಲಿ ಹಾರಿಸಬಹುದಾ?

ಉತ್ತರ: ಬಯಲಿದ್ದರೆ ಸಾಲದು. ಬೀದರ್‌ನಲ್ಲಿ ವಾಯುಪಡೆ ನೆಲೆ ಇದೆ, ಹಾಕ್ ತರಬೇತಿ ವಿಮಾನಗಳು ಹಾರುತ್ತವೆ. 2021ರ ಡ್ರೋನ್ ನಿಯಮಗಳು ಹವ್ಯಾಸದ ವಿಮಾನಕ್ಕೂ ಅನ್ವಯ. 25 ಕೆಜಿಯೊಳಗಿನ, ಕಣ್ಣಳತೆಯಲ್ಲೇ ಹಾರಿಸುವ ಮಾಡೆಲ್‌ಗೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಕೊಡುವ ಒಪ್ಪಿಗೆ ಪತ್ರ) ಬೇಡ, ಆದರೆ ಜಾಗದ ನಿಯಮ ತಪ್ಪುವುದಿಲ್ಲ. ಸರ್ಕಾರದ ಡ್ರೋನ್ ಜಾಲತಾಣ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ನಿಮ್ಮ ಬಯಲು ಕೆಂಪಿದ್ದರೆ ಆಸೆ ಬಿಡಿ. ಹಳದಿ ಇದ್ದರೆ ವಾಯು ಸಂಚಾರ ನಿಯಂತ್ರಣದ ಅನುಮತಿ ಬೇಕು. ಹಸಿರಿದ್ದರೆ 400 ಅಡಿವರೆಗೆ. ವಿಮಾನ ನಿಲ್ದಾಣದ ಗಡಿಯಿಂದ 8–12 ಕಿ.ಮೀ. ದೂರದಲ್ಲಿ 200 ಅಡಿ ಮಾತ್ರ. ಕಲಬುರಗಿಯವರು ವಿಮಾನ ನಿಲ್ದಾಣ ಇರುವ ಸರಡಗಿ ಕಡೆ ಹೋಗುವ ಮೊದಲು ಇದನ್ನೇ ನೋಡಿಕೊಳ್ಳಿ.