ಬ್ರೂನೋನನ್ನು ಹೂಳುವ ಮೊದಲು ಇದನ್ನೊಮ್ಮೆ ಓದಿ

ಮೇಡಂ, ಹೊಸ ಚೀಲದ ಆಹಾರ ತಿಂದ ನಿಮ್ಮ ನಾಯಿ ಬ್ರೂನೋ ಕಾಮಾಲೆ, ರಕ್ತಸ್ರಾವ ಆಗಿ ಸತ್ತ ಅನ್ನೋ ಪೋಸ್ಟ್ ಓದಿ ತುಂಬಾ ಸಂಕಟವಾಯ್ತು. ಆದರೆ ನೀವು ಬರೆದಿರೋ ನಾಲ್ಕು ವಿಷಯ ನೋಡಿ ಸುಮ್ಮನಿರೋಕಾಗಲಿಲ್ಲ. ಸಂಜೆ ತೋಟದಲ್ಲಿ ಹೂಳ್ತೀವಿ ಅಂದಿದ್ದೀರಿ. ಆಹಾರ ಡ್ರಮ್ಮಿಗೆ ಸುರಿದು ಚೀಲ ಒಣಕಸಕ್ಕೆ ಹಾಕಿದ್ದೀರಿ. ನಾಳೆ ಆ ಆಹಾರದ ಕಂಪನಿಯವರು ಬಂದು ಉಳಿದದ್ದನ್ನು 'ಟೆಸ್ಟಿಗೆ' ಒಯ್ಯುತ್ತಾರೆ ಅಂತೀರಿ. ನಿಮ್ಮ ಇನ್ನೊಂದು ನಾಯಿ ಜೂಲಿ ಇನ್ನೂ ಅದನ್ನೇ ತಿಂತಿದ್ದಾಳೆ. ಈ ಗುಂಪಿನಲ್ಲಿ ಇಂಥ ಪೋಸ್ಟ್ ಬಂದಾಗಲೆಲ್ಲ ಇದೇ ತಪ್ಪುಗಳು. ಕಂಪನಿ ಮೇಲಿನ ಕೇಸು ಬಿದ್ದುಹೋಗೋದು ಕಾನೂನು ಇಲ್ಲ ಅಂತಲ್ಲ, ಮೊದಲ ದಿನವೇ ಸಾಕ್ಷ್ಯ ಕೈಬಿಟ್ಟು ಹೋಗಿರುತ್ತೆ ಅಂತ.

ಮೊದಲು ಜೂಲಿ. ಆ ಆಹಾರ ಈ ಕ್ಷಣವೇ ನಿಲ್ಲಿಸಿ, ಇವತ್ತೇ ರಕ್ತ ಕೊಡಿಸಿ: ಎಲ್‌ಎಫ್‌ಟಿ (ಲಿವರ್ ಟೆಸ್ಟ್), ಕ್ರಿಯೇಟಿನಿನ್ (ಕಿಡ್ನಿ ಟೆಸ್ಟ್), ಸಾಧ್ಯವಾದರೆ ಪಿಟಿ (ರಕ್ತ ಹೆಪ್ಪುಗಟ್ಟುವ ಟೆಸ್ಟ್). ಅವಳ ಜೀವಕ್ಕೂ ಬೇಕು, ಕೇಸಿಗೂ ಬೇಕು. ಒಂದೇ ಚೀಲ ತಿಂದ ಎರಡು ನಾಯಿಗಳಲ್ಲಿ ಒಂದೇ ಥರ ಲಿವರ್ ಏಟು ಕಂಡರೆ ಅದಕ್ಕೆ ಬೆಲೆ ಇದೆ.

ಬ್ರೂನೋ ದೇಹವನ್ನು ಫ್ರೀಜರಿಗೆ ಹಾಕಬೇಡಿ. ಹೆಪ್ಪುಗಟ್ಟಿದರೆ ಜೀವಕೋಶ ಒಡೆದು ಹಿಸ್ಟೋಪೆಥಾಲಜಿ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವ ಪರೀಕ್ಷೆ) ಕೆಡುತ್ತೆ. ಐಸ್ ಪ್ಯಾಕ್ ಸುತ್ತಿಟ್ಟು ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಸರ್ಕಾರಿ ಪಶು ಆಸ್ಪತ್ರೆಗೋ ವೆಟರ್ನರಿ ಕಾಲೇಜಿನ ಪೆಥಾಲಜಿ ವಿಭಾಗಕ್ಕೋ ಒಯ್ಯಿರಿ (ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಯಾವುದು ಹತ್ತಿರವೋ ಅದು). ಮೊದಲೇ ಫೋನ್ ಮಾಡಿ 'ವಿಷಾಹಾರದ ಅನುಮಾನ, ಪೋಸ್ಟ್‌ಮಾರ್ಟಂ ಬೇಕು' ಅಂತ ಹೇಳಿ. ಪೋಸ್ಟ್‌ಮಾರ್ಟಂ ಮಾಡುವವರಿಗೆ ಎರಡು ಸೆಟ್ ತೆಗೆದಿಡೋಕೆ ಹೇಳಿ. ಹಿಸ್ಟೋಪೆಥಾಲಜಿಗೆ ಲಿವರ್, ಕಿಡ್ನಿ ತುಣುಕುಗಳು ಒಂದು ಸೆಂಟಿಮೀಟರಿಗಿಂತ ತೆಳ್ಳಗೆ, ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ. ವಿಷ ಹುಡುಕೋಕೆ ಇನ್ನೊಂದು ಸೆಟ್ ಫಾರ್ಮಲಿನ್ ಇಲ್ಲದೆ ಫ್ರೀಜ್ ಆಗಲಿ: ಲಿವರ್, ಕಿಡ್ನಿ, ಹೊಟ್ಟೆಯಲ್ಲಿ ಇದ್ದದ್ದು, ಮೂತ್ರ. ಎರಡೂ ಬೇಕು, ಒಂದರಿಂದ ಇನ್ನೊಂದರ ಕೆಲಸ ಆಗಲ್ಲ. ಚಿಕಿತ್ಸೆ ಸಮಯದಲ್ಲಿ ತೆಗೆದ ರಕ್ತದ ಸೀರಂ ಉಳಿದಿದ್ದರೆ ಎಸೆಯಬೇಡಿ ಅಂತ ನಿಮ್ಮ ಡಾಕ್ಟರಿಗೆ ಈಗಲೇ ಮೆಸೇಜ್ ಮಾಡಿ.

ಇನ್ನು ಡ್ರಮ್ಮು. ಇಲ್ಲಿ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಎಡವೋದು ಇಲ್ಲೇ. ಒಂದು ಹಿಡಿ ಕಿಬಲ್ (ಒಣ ಆಹಾರದ ಕಾಳು) ಕವರಿಗೆ ಹಾಕಿ ಲ್ಯಾಬಿಗೆ ಕೊಟ್ಟು 'ಏನೂ ಸಿಗಲಿಲ್ಲ' ಅನ್ನೋರು ಬಹಳ. ನಿಮ್ಮ ಕೇಸಲ್ಲಿ ಮೊದಲ ಅನುಮಾನ ಅಫ್ಲಾಟಾಕ್ಸಿನ್ ಮೇಲೆ, ಅಂದ್ರೆ ಬೂಷ್ಟಿನಿಂದ ಬರೋ, ಲಿವರ್ ಕೆಡಿಸೋ ವಿಷ. ಅದು ಚೀಲದ ತುಂಬ ಸಮನಾಗಿ ಹರಡಿರಲ್ಲ, ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಸೊನ್ನೆ. ಗ್ಲೌಸ್ ಹಾಕಿಕೊಂಡು ಮೇಲೆ, ನಡುವೆ, ತಳ, ಅಂಚು ಹೀಗೆ ಎಂಟು-ಹತ್ತು ಕಡೆಯಿಂದ ಒಟ್ಟು ಒಂದೂವರೆ ಕೆಜಿ ತೆಗೆಯಿರಿ. ಚೆನ್ನಾಗಿ ಬೆರೆಸಿ ಅರ್ಧರ್ಧ ಕೆಜಿಯ ಮೂರು ಪಾಲು. ಪ್ರತಿ ಪಾಲಿಗೂ ಎರಡು ಜಿಪ್ ಕವರ್, ನಡುವೆ ಚೀಟಿ: ಬ್ರ್ಯಾಂಡ್, ಬ್ಯಾಚ್ ನಂಬರ್, ದಿನಾಂಕ, ಸಮಯ. ಬಾಯಿಗೆ ಅಡ್ಡಲಾಗಿ ಟೇಪ್, ಟೇಪಿನ ಮೇಲೆ ನಿಮ್ಮದೂ ಇಬ್ಬರು ಸಾಕ್ಷಿಗಳದೂ ಸಹಿ. ಒಬ್ಬರು ನಿಮ್ಮ ಡಾಕ್ಟರೇ ಆದರೆ ಉತ್ತಮ. ಶುರುವಿನಿಂದ ಕೊನೆವರೆಗೆ ಕತ್ತರಿಸದ ವಿಡಿಯೋ ಇರಲಿ. ಒಣ ಆಹಾರವಾದ್ದರಿಂದ ಮೂರೂ ಫ್ರೀಜರಿನಲ್ಲಿ. ಸಾಲ್ಮೊನೆಲ್ಲಾ ಅನುಮಾನ ಇದ್ದರೆ ಮಾತ್ರ ಬೇರೆ ಒಂದು ಪಾಲು ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ಯಾಕಂದ್ರೆ ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಎಣಿಕೆ ಇಳಿಯುತ್ತೆ.

ಮೂರು ಪಾಲು ಯಾಕೆ ಅಂದ್ರೆ, ಒಂದು ನೀವು ಲ್ಯಾಬಿಗೆ ಕೊಡೋಕೆ. ಒಂದು ಗ್ರಾಹಕರ ಆಯೋಗಕ್ಕೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್ನಿನಲ್ಲಿ ಆಯೋಗವೇ ನಿಮ್ಮಿಂದ ಸ್ಯಾಂಪಲ್ ಪಡೆದು, ಸೀಲ್ ಮಾಡಿ, ಲ್ಯಾಬಿಗೆ ಕಳಿಸಿ, 45 ದಿನದಲ್ಲಿ ವರದಿ ತರಿಸುವ ದಾರಿ ಇದೆ. ಖರ್ಚು ನೀವು ಮೊದಲು ಕಟ್ಟಬೇಕು. ನೀವೊಬ್ಬರೇ ಮಾಡಿಸಿದ ವರದಿಗೆ ಎದುರಾಳಿ ವಕೀಲರು 'ಅದು ನಮ್ಮ ಮಾಲೇ ಅಲ್ಲ' ಅಂತಾರೆ, ಈ ವರದಿಗೆ ಹಾಗೆ ಸುಲಭವಾಗಿ ಅನ್ನೋಕಾಗಲ್ಲ. ಮೂರನೆಯದನ್ನು ಕಂಪನಿ ಕೇಳಿದರೆ ಕೊಡಿ, ಬರೆಸಿಕೊಂಡು ಕೊಡಿ. ಡ್ರಮ್ ಪೂರ್ತಿ ಎತ್ತಿಕೊಂಡು ಹೋಗೋಕೆ ಯಾರನ್ನೂ ಬಿಡಬೇಡಿ. ಎಷ್ಟೇ ವಿನಯವಾಗಿ ಮಾತಾಡಲಿ, ಬಿಡಬೇಡಿ.

ಡ್ರಮ್ಮಿನ ತೊಂದರೆ ಇನ್ನೂ ಇದೆ. 'ನಿಮ್ಮ ಡ್ರಮ್ಮಿನ ತೇವಕ್ಕೆ ಬೂಷ್ಟು ಬಂದಿದೆ' ಅಂತಾರೆ, ಬಳಸಿದವರದೇ ತಪ್ಪು ಅನ್ನೋ ವಾದಕ್ಕೆ 87ನೇ ಸೆಕ್ಷನ್ನಿನಲ್ಲಿ ಜಾಗವೂ ಇದೆ. ಇದಕ್ಕೆ ಉತ್ತರ ಅದೇ ಬ್ಯಾಚಿನ ಒಡೆಯದ ಚೀಲ. ಕೊಂಡ ಅಂಗಡಿಗೇ ಹೋಗಿ, ಬ್ಯಾಚ್ ನಂಬರ್ ಹೋಲಿಸಿ, ಬಿಲ್ ಹಾಕಿಸಿ ಒಂದು ತನ್ನಿ. ಒಡೆಯಬೇಡಿ. ಒಣಕಸದ ಗಾಡಿ ಬರೋ ಮುಂಚೆ ಹಳೇ ಚೀಲವನ್ನೂ ಎತ್ತಿಕೊಳ್ಳಿ, ಎಣ್ಣೆಯಾಗಿದ್ದರೂ ಪರವಾಗಿಲ್ಲ. ಬ್ಯಾಚ್ ನಂಬರ್ ಸಾಮಾನ್ಯವಾಗಿ ಚೀಲದ ಹೊಲಿಗೆ ಹತ್ತಿರ ಅಥವಾ ತಳದಲ್ಲಿ ಇಂಕ್‌ಜೆಟ್‌ನಲ್ಲಿರುತ್ತೆ, ಬೆರಳು ತಾಗಿದರೆ ಅಳಿಸುತ್ತೆ, ಕೂಡಲೇ ಫೋಟೋ ತೆಗೆಯಿರಿ.

ಹಿಂದಿನ ಚೀಲದ್ದೂ ಬಿಲ್ ಹುಡುಕಿ. ಹೊಸ ಚೀಲ ಒಡೆದು ನಾಲ್ಕು ದಿನಕ್ಕೆ ಹೋದ ಅಂದಿದ್ದೀರಿ. ಅಫ್ಲಾಟಾಕ್ಸಿನ್ ಕಮ್ಮಿ ಪ್ರಮಾಣದಲ್ಲಿ ವಾರಗಟ್ಟಲೆ ಹೊಟ್ಟೆ ಸೇರಿ ಲಿವರ್ ಕೆಡಿಸಿರಬಹುದು. ಆಗ ತಪ್ಪಿತಸ್ಥ ಚೀಲ ಈಗಿನದ್ದಲ್ಲ, ಹಿಂದಿನದು.

ಲ್ಯಾಬಿಗೆ 'ಫುಡ್ ಟೆಸ್ಟ್ ಮಾಡಿ' ಅಂತ ಬರೆದುಕೊಡಬೇಡಿ. ಪ್ರಾಕ್ಸಿಮೇಟ್ ಅನ್ನೋ ಪೋಷಕಾಂಶದ ಟೆಸ್ಟ್ ಮಾಡಿ ಪ್ರೋಟೀನ್, ಕೊಬ್ಬು, ತೇವಾಂಶ, ಬೂದಿ ಅಂತ ಒಂದು ಹಾಳೆ ಕೊಡ್ತಾರೆ. ಅದರಿಂದ ಏನೂ ಪ್ರಯೋಜನವಿಲ್ಲ. 2007ರಲ್ಲಿ ಅಮೆರಿಕದಲ್ಲಿ ಮೆಲಮೈನ್ (ಪ್ಲಾಸ್ಟಿಕ್ ತಯಾರಿಗೆ ಬಳಸೋ ರಾಸಾಯನಿಕ) ಬೆರೆತ ಆಹಾರ ತಿಂದು ನಾಯಿ-ಬೆಕ್ಕುಗಳ ಕಿಡ್ನಿ ಹೋಯ್ತಲ್ಲ, ಆಗ ಮೋಸ ನಡೆದದ್ದೇ ಈ ಪ್ರೋಟೀನ್ ಟೆಸ್ಟಿನ ಸಂದಿಯಲ್ಲಿ. ಆ ಟೆಸ್ಟು ಅಳೆಯೋದು ಸಾರಜನಕವನ್ನು, ಮೆಲಮೈನ್‌ನಲ್ಲಿ ತೂಕದ ಮೂರನೇ ಎರಡು ಪಾಲು ಸಾರಜನಕವೇ, ಹಾಗಾಗಿ ವಿಷ ಬೆರೆತದ್ದು 'ಒಳ್ಳೆ ಪ್ರೋಟೀನ್' ಅಂತ ಪಾಸಾಗುತ್ತೆ. ಕಾಮಾಲೆ, ರಕ್ತಸ್ರಾವ ಇದ್ದದ್ದರಿಂದ ನೀವು 'ಅಫ್ಲಾಟಾಕ್ಸಿನ್ ಬಿ1, ಬಿ2, ಜಿ1, ಜಿ2' ಅಂತಲೇ ಬರೆಯಿರಿ. ಕಿಡ್ನಿ ಕೆಟ್ಟಿದ್ದರೆ ಮೆಲಮೈನ್, ಸಯನ್ಯೂರಿಕ್ ಆಸಿಡ್. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆ ಲ್ಯಾಬಿಗಿದ್ದರೆ ಸಾಲದು, ಈ ಟೆಸ್ಟಿಗೂ ಇದೆಯೇ ಕೇಳಿ. ಹೋಲಿಕೆಗೆ ಒಂದು ಅಂಕಿ: ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸಾಕುಪ್ರಾಣಿ ಆಹಾರಕ್ಕೆ ಇಟ್ಟಿರೋ ಅಫ್ಲಾಟಾಕ್ಸಿನ್ ಮಿತಿ 20 ಪಿಪಿಬಿ (ನೂರು ಕೋಟಿಯಲ್ಲಿ 20 ಭಾಗ).

ವಿಷ ಸಿಕ್ಕರೂ ಕೇಸು ಗೆದ್ದಂತಲ್ಲ. ಕಾಮಾಲೆ ಅಂದ ಕೂಡಲೇ ಎದುರಿನವರು 'ಲೆಪ್ಟೋ' (ಇಲಿ ಜ್ವರ) ಅಂತಾರೆ, ರಕ್ತಸ್ರಾವ ಅಂದರೆ 'ಉಣ್ಣಿ ಜ್ವರ' ಅಂತಾರೆ. ಲಸಿಕೆ ಪುಸ್ತಕ ಇಟ್ಟುಕೊಳ್ಳಿ, ಲೆಪ್ಟೋ ಪಿಸಿಆರ್, ಎರ್ಲಿಕಿಯಾ (ಉಣ್ಣಿ ಜ್ವರದ) ಟೆಸ್ಟ್, ಇವು ನೆಗೆಟಿವ್ ಅಂತ ಕಾಗದದ ಮೇಲಿರಲಿ. ಡಾಕ್ಟರ್ ಬಾಯಲ್ಲಿ 'ಫುಡ್ಡಿಂದಲೇ ಮೇಡಂ' ಅಂದರೆ ಸಾಲದು, ಸಾವಿಗೆ ಕಾರಣ ಏನು, ಬೇರೆ ಯಾವ ಕಾಯಿಲೆ ಯಾಕಲ್ಲ ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳಿ.

ಮೇಲಿನ ಕಮೆಂಟ್‌ನಲ್ಲಿ ಯಾರೋ ಎಫ್‌ಎಸ್‌ಎಸ್‌ಎಐಗೆ (ಆಹಾರ ಸುರಕ್ಷತಾ ಪ್ರಾಧಿಕಾರಕ್ಕೆ) ದೂರು ಕೊಡಿ ಅಂದಿದ್ದಾರೆ. ದಯವಿಟ್ಟು ಗೊತ್ತಿಲ್ಲದ್ದನ್ನು ಹೇಳಬೇಡಿ. ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಆಹಾರ' ಅನ್ನೋದರ ವ್ಯಾಖ್ಯೆಯಲ್ಲೇ ಪ್ರಾಣಿಗಳ ಆಹಾರವನ್ನು ಹೊರಗಿಟ್ಟಿದ್ದಾರೆ. ಪೊಲೀಸ್ ಕಂಪ್ಲೇಂಟೂ ಹಾಗೇ: ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 325ನೇ ಸೆಕ್ಷನ್ ಇರೋದು ಬೇಕಂತಲೇ ಪ್ರಾಣಿ ಕೊಂದವರಿಗೆ. ಪಕ್ಕದವರು ವಿಷ ಇಟ್ಟರೆ ಅದು ಸರಿ, ಕೆಟ್ಟ ಬ್ಯಾಚಿಗೆ ಹೊಂದಲ್ಲ.

ನಿಮ್ಮ ದಾರಿ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗುತ್ತೆ, ವಕೀಲರು ಕಡ್ಡಾಯ ಅಲ್ಲ. ಶುಲ್ಕ ಲೆಕ್ಕ ಹಾಕೋದು ನೀವು ಕೊಟ್ಟ ಬೆಲೆಯ ಮೇಲೆ, ಕೇಳುವ ಪರಿಹಾರದ ಮೇಲಲ್ಲ. 5 ಲಕ್ಷದವರೆಗೆ ಶುಲ್ಕ ಇಲ್ಲ, ಒಂದು ಚೀಲದ ಬೆಲೆ ಎಲ್ಲಿ ಆ ಮಟ್ಟಕ್ಕೆ ಹೋಗುತ್ತೆ! ಅವಧಿ ಎರಡು ವರ್ಷ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಂಡು ಕೂತರೆ ಆ ಗಡಿಯಾರ ನಿಲ್ಲಲ್ಲ, ಸಹಾಯವಾಣಿ ದೂರು ಕೇಸಲ್ಲ.

ಯಾರ ಮೇಲೆ ಅನ್ನೋದರಲ್ಲೂ ಎಡವ್ತಾರೆ. ಚೀಲದ ಹಿಂದೆ 'ತಯಾರಿಸಿದವರು', 'ಮಾರಾಟ ಮಾಡುವವರು', 'ಆಮದು ಮಾಡಿಕೊಂಡವರು' ಅಂತ ಬೇರೆ ಬೇರೆ ವಿಳಾಸ ಇರುತ್ತೆ, ಎಲ್ಲರನ್ನೂ ಸೇರಿಸಿ. ಬೇರೆಯವರ ಮಾಲಿಗೆ ತಮ್ಮ ಹೆಸರು ಹಚ್ಚುವವರೂ ಈ ಕಾಯ್ದೆಯಲ್ಲಿ ತಯಾರಕರೇ. ತಯಾರಕರು ಭಾರತದ ಕಾನೂನಿಗೆ ಸಿಗದ ವಿದೇಶದವರಾದರೆ 86ನೇ ಸೆಕ್ಷನ್ ಪ್ರಕಾರ ಮಾರಿದವರ ಮೇಲೆ ಹೊಣೆ ಬರುತ್ತೆ. ಇಲ್ಲಿ 'ಆ ಬ್ರ್ಯಾಂಡ್ ಒಳ್ಳೇದು, ಈ ಬ್ರ್ಯಾಂಡ್ ಕೆಟ್ಟದ್ದು' ಅಂತ ಜಗಳ ನಡೀತಿದೆ, ಅದರಲ್ಲಿ ಅರ್ಥವಿಲ್ಲ. 2007ರಲ್ಲಿ ಮೆನು ಫುಡ್ಸ್ ಅನ್ನೋ ಒಂದೇ ಕಂಪನಿ ತಯಾರಿಸಿದ ಮಾಲು ಹತ್ತಾರು ಬ್ರ್ಯಾಂಡ್ ಹೆಸರಲ್ಲಿ ಮಾರಾಟವಾಗಿ ವಾಪಸ್ ಬಂತು. ದುಬಾರಿ ಚೀಲಕ್ಕೂ ಕೆಟ್ಟ ಬ್ಯಾಚ್ ಬರುತ್ತೆ. ಆದರೆ ಲೂಸ್ ಕಿಬಲ್ ಮಾತ್ರ ಯಾವತ್ತೂ ಕೊಳ್ಳಬೇಡಿ, ಬ್ಯಾಚ್ ಇಲ್ಲ, ವಿಳಾಸ ಇಲ್ಲ, ಬಿಲ್ಲೂ ಇಲ್ಲ.

ಏನು ಕೇಳಬೇಕು? ಕಾನೂನಿನ ಕಣ್ಣಲ್ಲಿ ಬ್ರೂನೋ 'ಆಸ್ತಿ'. ಕೇಳೋಕೆ ನೋವಾಗುತ್ತೆ, ಗೊತ್ತು. ಆದರೆ ಉತ್ಪನ್ನ ಹೊಣೆಗಾರಿಕೆಯಲ್ಲಿ 'ಹಾನಿ' ಅಂದರೆ ಆಸ್ತಿ ನಷ್ಟ ಮತ್ತು ಅದರ ಜೊತೆಗಿನ ಮಾನಸಿಕ ಯಾತನೆ ಎರಡೂ ಸೇರುತ್ತೆ, ಹಾಗಾಗಿ ಎರಡನ್ನೂ ಬಿಡಿಬಿಡಿಯಾಗಿ ಬರೆಯಿರಿ. ಆಸ್ಪತ್ರೆ, ಔಷಧಿ, ಲ್ಯಾಬು, ಪೋಸ್ಟ್‌ಮಾರ್ಟಂ, ನಾಯಿ ಕೊಂಡ ಬೆಲೆ, ಜೂಲಿಯ ಚಿಕಿತ್ಸೆ, ಕೇಸಿನ ಖರ್ಚು, ಎಲ್ಲಕ್ಕೂ ಬಿಲ್. ಮರಿ ಮಾಡಿಸಿ ಮಾರುವ ಕೆನಲ್‌ನವರಿಗೆ ಮಾತ್ರ ಎಚ್ಚರಿಕೆ, 'ವಾಣಿಜ್ಯ ಉದ್ದೇಶ' ಅಂತ ಗ್ರಾಹಕರ ಪಟ್ಟಿಯಿಂದಲೇ ತಳ್ಳೋಕೆ ನೋಡ್ತಾರೆ. ಸ್ವಂತ ದುಡಿಮೆಯ ಜೀವನೋಪಾಯ ಅಂತ ತೋರಿಸಬೇಕಾಗುತ್ತೆ.

ಕೇಸಿಗೆ ಮೊದಲು ನೋಟಿಸ್ ಕಳಿಸಿ, ಕಡ್ಡಾಯ ಅಲ್ಲ, ಆದರೂ ಕಳಿಸಿ. ಸ್ಪೀಡ್ ಪೋಸ್ಟ್ ಮತ್ತು ಇ-ಮೇಲ್ ಎರಡರಲ್ಲೂ, 15 ದಿನ ಗಡುವು. ಅದೇ ಬ್ಯಾಚಿನಿಂದ ಕಂಪನಿ ತೆಗೆದಿಟ್ಟ ಸ್ಯಾಂಪಲ್ ನಾಶ ಮಾಡಬಾರದು, ಆ ಬ್ಯಾಚಿನ ಟೆಸ್ಟ್ ವರದಿ ಕೊಡಬೇಕು ಅಂತ ಅದರಲ್ಲೇ ಬರೆಯಿರಿ. ರೀಫಂಡ್ ಕೊಡ್ತೀವಿ ಅಂದರೆ 'ಫುಲ್ ಅಂಡ್ ಫೈನಲ್' ಅನ್ನೋ ಸಾಲು ಇದ್ದರೆ ಸಹಿ ಹಾಕಲೇಬೇಡಿ. ಫೇಸ್‌ಬುಕ್‌ನಲ್ಲಿ ನೀವು 'ವಿಷ ಮಾರ್ತಾರೆ' ಅಂತ ಹಾಕಿದ್ದನ್ನು ಇವತ್ತೇ ತಿದ್ದಿ, ಇಲ್ಲಾಂದ್ರೆ ಮಾನನಷ್ಟ ನೋಟಿಸ್ ಬರುತ್ತೆ. ಬ್ಯಾಚ್ ನಂಬರ್, ತಾರೀಖು, ಲಕ್ಷಣ, ಇಷ್ಟೇ ಬರೆಯಿರಿ. ಅದರಿಂದ ಇನ್ನೊಂದು ಲಾಭ: ಅದೇ ಬ್ಯಾಚಿನ ಇನ್ನೂ ನಾಲ್ಕು ಜನ ಸಿಕ್ಕರೆ 35ನೇ ಸೆಕ್ಷನ್ ಪ್ರಕಾರ ಆಯೋಗದ ಅನುಮತಿ ಪಡೆದು ಒಟ್ಟಿಗೆ ಹಾಕಬಹುದು, ಜಿಲ್ಲಾಧಿಕಾರಿಗೋ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೋ ದೂರು ಕೊಡಬಹುದು. ಮಾಲು ವಾಪಸ್ ತರಿಸುವ ಅಧಿಕಾರ ಆ ಪ್ರಾಧಿಕಾರಕ್ಕೆ ಇದೆ.

ಈಗ ಮೊದಲು ಐಸ್ ಪ್ಯಾಕ್, ಆಮೇಲೆ ಕಾಲೇಜಿಗೆ ಫೋನ್. ಚೀಲ ಸಿಕ್ಕಿದ ಕೂಡಲೇ ಬ್ಯಾಚ್ ನಂಬರ್ ಇಲ್ಲೇ ಕಮೆಂಟ್‌ನಲ್ಲಿ ಹಾಕಿ. ಬೇರೆ ಯಾರ ಮನೆಯಲ್ಲಾದರೂ ಅದೇ ಇದ್ದರೆ ಇವತ್ತು ರಾತ್ರಿ ಬಟ್ಟಲಿಗೆ ಹಾಕೋದು ತಪ್ಪುತ್ತೆ.